ಕಸುಬ್ಹಾ ಅಂದರೆ ನಮ್ಮ ಕುಸುಬಿಯೇ?

ಪ್ರಶ್ನೆ: ಮಗಳು ಫಿಲಿಪ್ಪೀನ್ಸ್‌ನ ದಾವಾವೊದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಅಲ್ಲಿ ಕೋಳಿ ಹಾಕಿ ಮಾಡಿದ ಅಕ್ಕಿ ಗಂಜಿಯ ಮೇಲೆ ಕೆಂಪು ಎಸಳು ಉದುರಿಸುತ್ತಾರಂತೆ. ಹೆಸರು ‘ಕಸುಬ್ಹಾ’. ಇದು ನಮ್ಮ ಕುಸುಬಿಯಾ? ಕೆಂಪು ಬಣ್ಣ ಕೊಡುವ ಗಿಡಗಳಿಗೆ ಅಲ್ಲಿ ಬೇರೆ ಯಾವ ಹೆಸರುಗಳಿವೆ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೌದು ರೀ, ನಮ್ಮ ಕುಸುಬಿಯೇ. ಗಿಡವೂ ಅದೇ, ಹೆಸರೂ ಅದೇ. ಸಂಸ್ಕೃತದ ಕುಸುಂಭ ನಮ್ಮಲ್ಲಿ ಕುಸುಬಿ ಆಯಿತು. ಮಲಯ ಭಾಷೆಯಲ್ಲಿ ಕೆಸುಂಬ, ಫಿಲಿಪ್ಪೀನ್ಸ್‌ನ ಭಾಷೆಯಾದ ತಗಾಲೊಗ್‌ನಲ್ಲಿ ಕಸುಬ್ಹಾ. ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಜೇವರ್ಗಿ ಕಡೆಯ ನಮ್ಮ ಹೊಲದಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬಿ ಹಾಕುತ್ತಿದ್ದರು, ಮುಳ್ಳಿಗೆ ಹೆದರಿ ದನ ಒಳಗೆ ಬರಬಾರದು ಅಂತ. ಎಳೆ ಸೊಪ್ಪು ಪಲ್ಯಕ್ಕೆ, ಬೀಜ ಗಾಣಕ್ಕೆ. ಕುಸುಬಿ ಹಾಲಿನ ಹುಗ್ಗಿಯನ್ನಂತೂ ನಮ್ಮವ್ವನೇ ಮಾಡಬೇಕು. ಹೂವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಲ್ಲಿಯವರು ದುಬಾರಿ ಕೇಸರಿಯ ಬದಲು ಆ ಹೂವನ್ನೇ ಅಡುಗೆಗೆ ಬಳಸುತ್ತಾರೆ.

ಎಸಳು ಕೆಂಪಗಿದ್ದರೂ ಗಂಜಿ ಹಳದಿಯಾಗುತ್ತದೆ, ಮಗಳನ್ನು ಕೇಳಿ ನೋಡಿ. ಈ ಹೂವಿನಲ್ಲಿ ಎರಡು ಬಣ್ಣ ಇವೆ. ಹಳದಿ ಬರೀ ನೀರಿಗೇ ಬಿಡುತ್ತದೆ, ಕೆಂಪು ಬಿಡುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವವರು ಎಸಳನ್ನು ತೊಳೆದು ತೊಳೆದು ಹಳದಿ ತೆಗೆಯುತ್ತಾರೆ. ಆಮೇಲೆ ಬೂದಿ ನೀರಲ್ಲಿ ನೆನೆಸಿದರೆ ಕೆಂಪು ಹೊರಬರುತ್ತದೆ. ಅದಕ್ಕೆ ನಿಂಬೆಯಂಥ ಹುಳಿ ಬಿದ್ದ ಮೇಲೆ ಬಟ್ಟೆಗೆ ಹಿಡಿಯುತ್ತದೆ. ಇಷ್ಟು ಕಷ್ಟಪಟ್ಟರೂ ಸಿಗುವುದು ಸ್ವಲ್ಪವೇ. ಬಿಸಿಲಿಗೆ ಅದೂ ಬೇಗ ಮಾಸುತ್ತದೆ. ಆದರೆ ಹೊಸದರಲ್ಲಿ ಆ ಗುಲಾಬಿಗೆಂಪಿನ ಚೆಂದವೇ ಬೇರೆ.

ತಗಾಲೊಗ್‌ನಲ್ಲಿ ಕೆಂಪಿಗೆ ‘ಪುಲಾ’ ಅನ್ನುತ್ತಾರೆ. ಅಡುಗೆಗೆ ಕೆಂಪು ಕೊಡುವ ಬೀಜ ‘ಅತ್ಸುವೆತೆ’. ಈ ಹೆಸರು ಮೆಕ್ಸಿಕೊದ ನಾವಾತ್ಲ್ ಭಾಷೆಯದು, ಸ್ಪ್ಯಾನಿಷ್ ಮೂಲಕ ಬಂದದ್ದು. 1565ರಿಂದ 1815ರವರೆಗೆ ಮನಿಲಾ ಮತ್ತು ಮೆಕ್ಸಿಕೊ ನಡುವೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವಲ್ಲ! ‘ಸಿಬುಕಾವ್’ ಅಂದರೆ ನಮ್ಮ ಪತಂಗದ ಮರ. ಕೇರಳದ ಹೋಟೆಲಿನಲ್ಲಿ ಕುಡಿಯಲು ಗುಲಾಬಿ ಬಣ್ಣದ ನೀರು ಕೊಡುತ್ತಾರಲ್ಲ, ಅದಕ್ಕೆ ಹಾಕುವುದು ಇದರ ಚಕ್ಕೆಯನ್ನೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ‘ಲೋಕೊ’. ದಾವಾವೊ ಇರುವ ಮಿಂಡನಾವೊ ದ್ವೀಪದಲ್ಲೇ ಲೇಕ್ ಸೆಬು ಅನ್ನುವ ಊರಿದೆ. ಅಲ್ಲಿಯ ತ್‌ಬೊಲಿ ಬುಡಕಟ್ಟಿನ ಹೆಂಗಸರು ಬಾಳೆ ಜಾತಿಯ ಅಬಾಕಾ ನಾರಿನಿಂದ ‘ತ್‌ನಾಲಕ್’ ಬಟ್ಟೆ ನೇಯುತ್ತಾರೆ. ಅದರ ಕೆಂಪು ಲೋಕೊ ಬೇರಿನದು, ಕಪ್ಪು ‘ಕ್‌ನಾಲುಮ್’ ಗಿಡದ್ದು. ರಜೆ ಸಿಕ್ಕಾಗ ಮಗಳು ಅಲ್ಲಿಗೆ ಹೋಗಿ ನೇಯುವುದನ್ನು ಕಣ್ಣಾರೆ ನೋಡಲಿ.