ಊರಿಗೆ ಹೋದರೆ ವಾಪಸು ಬಿಡುತ್ತಾರೆಯೇ ಎಂದು ಕೇಳಿದವರಿಗೆ

ಕ್ಯಾತ್ಸಂದ್ರದಿಂದ ಮೆಲ್ಬರ್ನ್‌ಗೆ ಬಂದು ಇನ್ನೂ ನಾಲ್ಕು ತಿಂಗಳಾಗಿರುವ ನೀವು, ಕೆಲಸದ ವೀಸಾ, ಬಾಡಿಗೆ ಮನೆಗಳ ವಿಚಾರವನ್ನೆಲ್ಲ ಬಿಟ್ಟು ನೇರವಾಗಿ ಇದನ್ನೇ ಕೇಳಿದ್ದೀರಿ: ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಕೊರೋನಾದಂಥದ್ದು ಮತ್ತೊಮ್ಮೆ ಬಂದು ಗಡಿ ಮುಚ್ಚಿದರೆ ತುಮಕೂರಿಗೆ ಹೋಗಿ ಮತ್ತೆ ಇಲ್ಲಿಗೆ ಬರಲು ಆಗುತ್ತದೆಯೇ, ಅದಕ್ಕಾಗಿ ಆದಷ್ಟು ಬೇಗ ಇಲ್ಲಿನ ಪೌರತ್ವ ತೆಗೆದುಕೊಳ್ಳಬೇಕೇ ಅಣ್ಣ, ಎಂದು. ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವಿಲ್ಲ. ಪೌರತ್ವ ಬದಲಾಯಿಸಿದರೆ ಒಂದು ಬಾಗಿಲು ಹಕ್ಕಾಗುತ್ತದೆ, ಇನ್ನೊಂದು ಅನುಮತಿಯಾಗುತ್ತದೆ. ನಿಮಗೆ ಯಾವ ಬಾಗಿಲು ಹೆಚ್ಚು ಬೇಕಾಗಬಹುದು ಎಂಬುದನ್ನು ಮೊದಲು ಯೋಚಿಸಬೇಕು.

ಮೊದಲು ನಿಮ್ಮ ಈಗಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದೇ ಎಲ್ಲಕ್ಕಿಂತ ದುರ್ಬಲವಾದದ್ದು. 2020ರ ಮಾರ್ಚ್ 20ರಂದು ಆಸ್ಟ್ರೇಲಿಯಾ ತನ್ನ ಪ್ರಜೆಗಳು, ಕಾಯಂ ನಿವಾಸಿಗಳು ಮತ್ತು ಅವರ ಹತ್ತಿರದ ಕುಟುಂಬದವರನ್ನು ಬಿಟ್ಟು ಉಳಿದವರಿಗೆಲ್ಲ ಗಡಿ ಮುಚ್ಚಿತು. ತಾತ್ಕಾಲಿಕ ವೀಸಾದವರು ಇಲ್ಲಿ ಮನೆ, ಕೆಲಸ, ಸಾಮಾನು ಎಲ್ಲವನ್ನೂ ಇಟ್ಟುಕೊಂಡಿದ್ದರೂ, ಆ ಹೊತ್ತಿಗೆ ಊರಿನಲ್ಲಿದ್ದರೆ ಅಲ್ಲಿಯೇ ಉಳಿದರು. ವಿಶೇಷ ಅನುಮತಿ ಸಿಕ್ಕ ಕೆಲವರನ್ನು ಬಿಟ್ಟರೆ, ಲಸಿಕೆ ಪಡೆದ ವಿದ್ಯಾರ್ಥಿಗಳಿಗೂ ಕೌಶಲ ವೀಸಾದವರಿಗೂ ಬಾಗಿಲು ತೆರೆದದ್ದು 2021ರ ಡಿಸೆಂಬರ್ 15ರಂದು, ಅಂದರೆ ಸುಮಾರು 21 ತಿಂಗಳ ನಂತರ.

ಆದರೆ ಪಾಸ್‌ಪೋರ್ಟ್ ಇದ್ದವರು ಸುಖವಾಗಿದ್ದರು ಎಂದುಕೊಳ್ಳಬೇಡಿ. ಆಗ ನಾನು ಇಲ್ಲಿನ ಪ್ರಜೆಯಾಗಿ ಆರು ವರ್ಷವಾಗಿತ್ತು. 2021ರ ಆರಂಭದಲ್ಲಿ ಅಪ್ಪನಿಗೆ ಡಯಾಲಿಸಿಸ್ ಶುರುವಾಯಿತು. ಇಲ್ಲಿಂದ ಹೊರಗೆ ಹೋಗುವುದಕ್ಕೂ ಪ್ರಜೆಗಳು ಅನುಮತಿ ಬೇಡಬೇಕಾಗಿದ್ದ ಕಾಲ ಅದು. ತುಮಕೂರಿನ ಡಾಕ್ಟರು ಚೀಟಿಯ ಮೇಲೆ ಕೈಯಲ್ಲಿ ಬರೆದುಕೊಟ್ಟ ಎರಡು ಸಾಲಿಗೆ ದಿನಾಂಕವಿಲ್ಲ, ಸೀಲಿಲ್ಲ ಎಂದು ನನ್ನ ಅರ್ಜಿ ತಿರಸ್ಕಾರವಾಯಿತು. ನನ್ನ ತಮ್ಮ ಬಿ.ಎಚ್. ರಸ್ತೆಯ ಟೈಪಿಂಗ್ ಅಂಗಡಿಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಮತ್ತೆ ಆಸ್ಪತ್ರೆಯ ಮುಂದೆ ಅರ್ಧ ದಿನ ನಿಂತು ಸೀಲು ಹಾಕಿಸಿ ಕಳಿಸಿದ ಮೇಲೆ, ಎರಡನೆಯ ಸಲ ಅನುಮತಿ ಬಂತು.

ಮೇ ಮೊದಲ ವಾರಕ್ಕೆ ವಾಪಸು ಟಿಕೆಟ್ ಇತ್ತು. ಏಪ್ರಿಲ್ 27ರಂದು ಭಾರತದಿಂದ ಬರುವ ವಿಮಾನಗಳನ್ನು ಮೇ 15ರವರೆಗೆ ನಿಲ್ಲಿಸಿರುವುದಾಗಿ ಆಸ್ಟ್ರೇಲಿಯಾ ಘೋಷಿಸಿತು. ಕರ್ನಾಟಕದಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ಅಂಗಡಿ ಎಂಬ ನಿರ್ಬಂಧ ಜಾರಿಗೆ ಬಂದದ್ದೂ ಅದೇ ರಾತ್ರಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ: ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಮೇ 3ರಿಂದ ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ, ಪ್ರಜೆಗಳೇ ಆಗಿದ್ದರೂ, ಐದು ವರ್ಷದವರೆಗೆ ಜೈಲು ಇಲ್ಲವೇ 66,600 ಡಾಲರ್ ದಂಡ, ಆಗಿನ ದರದಲ್ಲಿ 38 ಲಕ್ಷ ರೂಪಾಯಿಯ ಆಸುಪಾಸು. ಮರುದಿನ ಶಿರಾ ಗೇಟ್ ಬಳಿಯ ಅಂಗಡಿಯಲ್ಲಿ ತೊಗರಿಬೇಳೆಗೆ ಸಾಲಿನಲ್ಲಿ ನಿಂತಿದ್ದಾಗ, ಟೀವಿಯಲ್ಲಿ ಇದನ್ನು ನೋಡಿದ್ದ ಅಂಗಡಿಯವರು, “ಅಲ್ಲ ಸ್ವಾಮಿ, ನಿಮ್ಮ ಮನೆಗೆ ನೀವು ಹೋದರೆ ನಿಮ್ಮ ಸರ್ಕಾರವೇ ಒಳಗೆ ಹಾಕುತ್ತಂತಲ್ಲ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹಾಗಾದರೆ ಹಕ್ಕು ಎಂಬುದಿಲ್ಲವೇ? ಇದೆ. ಭಾರತವೂ ಆಸ್ಟ್ರೇಲಿಯಾವೂ ಒಪ್ಪಿರುವ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿಯು, ತನ್ನ ಸ್ವಂತ ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರಿಂದಲೂ ಮನಸೋ ಇಚ್ಛೆ ಕಸಿಯಬಾರದು ಎನ್ನುತ್ತದೆ. ತೊಡಕಿರುವುದು ಆ ‘ಮನಸೋ ಇಚ್ಛೆ’ ಎಂಬಲ್ಲಿಯೇ. ಸಾಂಕ್ರಾಮಿಕದ ಕಾರಣ ಕೊಟ್ಟರೆ ಅದು ಮನಸೋ ಇಚ್ಛೆಯಲ್ಲ ಎಂದು ಸರ್ಕಾರಗಳು ವಾದಿಸುತ್ತವೆ. ಆಸ್ಟ್ರೇಲಿಯಾದ ಸಂವಿಧಾನದಲ್ಲಂತೂ ಈ ಹಕ್ಕಿನ ಸ್ಪಷ್ಟ ಉಲ್ಲೇಖವೇ ಇಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಸಿಲುಕಿದ್ದ 73 ವರ್ಷದ ಆಸ್ಟ್ರೇಲಿಯಾ ಪ್ರಜೆಯೊಬ್ಬರು ಆ ನಿಷೇಧವನ್ನು ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿದಾಗ, ಜೈವಿಕ ಸುರಕ್ಷತಾ ಕಾಯ್ದೆಯು ಸಚಿವರಿಗೆ ಅಂಥ ಅಧಿಕಾರ ಕೊಟ್ಟಿದೆ ಎಂದು ಮೇ 10ರಂದು ಅವರ ವಾದ ತಳ್ಳಿಹೋಯಿತು. ನ್ಯೂಜಿಲೆಂಡಿನಲ್ಲಿ ಸ್ವದೇಶ ಪ್ರವೇಶದ ಹಕ್ಕು ಹಕ್ಕುಗಳ ಕಾಯ್ದೆಯಲ್ಲಿಯೇ ಬರೆದಿದೆ. ಅಲ್ಲಿ ಕ್ವಾರಂಟೈನ್ ಕೊಠಡಿಗಳನ್ನು ಲಾಟರಿಯಂತೆ ಹಂಚಿದ ಕ್ರಮವು ಪ್ರಜೆಗಳ ಹಕ್ಕನ್ನು ಅನ್ಯಾಯವಾಗಿ ಮೊಟಕುಗೊಳಿಸಿತ್ತು ಎಂದು 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಹೇಳಿತು, ಆದರೆ ಅಷ್ಟರಲ್ಲಿ ಆ ಲಾಟರಿಯೇ ಮುಗಿದಿತ್ತು.

ನನ್ನ ಅನುಭವದಲ್ಲಿ ಹಕ್ಕು ಸಿಕ್ಕಿಬೀಳುವುದು ಕಾನೂನಿನಲ್ಲಿ ಅಲ್ಲ, ಸೀಟಿನಲ್ಲಿ. ನಿಷೇಧ ಮುಗಿದ ಮೇಲೆ ದೆಹಲಿಯಿಂದ ಹೊರಟ ಮೊದಲ ವಿಮಾನದಲ್ಲಿ 150 ಜನರಿಗೆ ಜಾಗವಿದ್ದರೂ, ಹತ್ತುವ ಮುನ್ನ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಂಡವರನ್ನೂ ಅವರ ಜೊತೆಯವರನ್ನೂ ತೆಗೆದು, ಸುಮಾರು 80 ಜನರಷ್ಟೇ ಹೊರಟರು. ಜೂನ್‌ನಲ್ಲಿ ನನ್ನ ಸರದಿ ಬಂದಾಗ, ಮೂರು ವರ್ಷದ ಮಗುವಿನ ಫಲಿತಾಂಶ ಪಾಸಿಟಿವ್ ಬಂದು, ಹಿಂದಿನ ದಿನವಷ್ಟೇ ಬ್ಯಾಗುಗಳಿಗೆ ಚೀಟಿ ಅಂಟಿಸಿಕೊಂಡಿದ್ದ ಕುಟುಂಬವೊಂದು ಹೋಟೆಲಿನ ಲಿಫ್ಟಿನ ಮುಂದೆ ಸುಮ್ಮನೆ ಕುಳಿತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಾರ್ವಿನ್ ಬಳಿಯ ಹೊವಾರ್ಡ್ ಸ್ಪ್ರಿಂಗ್ಸ್ ಕ್ವಾರಂಟೈನ್ ಕೇಂದ್ರದಲ್ಲಿ 14 ದಿನ ಕಳೆದದ್ದಕ್ಕೆ 2,500 ಡಾಲರ್ ಬಿಲ್ಲು ಕೈಗಿತ್ತರು.

ಈಗ ಆ ಕಡೆಯ ಬಾಗಿಲು. ಇಲ್ಲಿನ ಪೌರತ್ವ ತೆಗೆದುಕೊಂಡ ಕ್ಷಣವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ, ಕೈಯಲ್ಲಿ ಉಳಿಯುವುದು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು. ಅದನ್ನು ಎಷ್ಟೋ ಜನ ಅರ್ಧ ಪೌರತ್ವವೆಂದು ಭಾವಿಸಿದ್ದಾರೆ. ಅದು ಆಜೀವ ವೀಸಾ ಅಷ್ಟೆ. 2020ರ ಮಾರ್ಚ್ 13ರಂದು ಭಾರತ ಆ ಕಾರ್ಡಿನ ಪ್ರವೇಶ ಸೌಲಭ್ಯವನ್ನು ತಡೆಹಿಡಿಯಿತು, ಮೇ ಕೊನೆಯಲ್ಲಿ ತುರ್ತು ಸಂದರ್ಭದವರಿಗೆ ಸಡಿಲಿಸಿತು, ಎಲ್ಲ ಕಾರ್ಡುದಾರರಿಗೂ ತೆರೆದದ್ದು ಅಕ್ಟೋಬರ್‌ನಲ್ಲಿ. ಭಾರತದ ಪಾಸ್‌ಪೋರ್ಟ್ ಇದ್ದವರೂ ಮಾರ್ಚ್ ಕೊನೆಯಿಂದ ವಿಮಾನವಿಲ್ಲದೆ ಕಾದರು, ನಿಜ. ಆದರೆ ಹೊರದೇಶಗಳಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಂದು ಹೊರಟಾಗ ಮೊದಲು ಕೂತವರು ಅವರೇ.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು: ಪಿಆರ್ (ಕಾಯಂ ನಿವಾಸದ ವೀಸಾ) ಆಗುವವರೆಗೆ ಇಂಥ ಕಾಲದಲ್ಲಿ ದೇಶ ಬಿಟ್ಟರೆ ವಾಪಸು ಬರುವ ಖಾತ್ರಿ ಇಲ್ಲವೆಂದೇ ತಿಳಿಯಿರಿ. ಪಿಆರ್ ಆದ ಮೇಲೆ ಪೌರತ್ವಕ್ಕೆ ಅವಸರ ಬೇಡ. ಅಪ್ಪ ಅಮ್ಮ ಇರುವವರೆಗೆ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡರೆ ಎರಡು ಬಾಗಿಲುಗಳೂ ನಿಮ್ಮ ಮಟ್ಟಿಗೆ ಹೆಚ್ಚು ಭದ್ರ. ಪಿಆರ್‌ನ ಪ್ರಯಾಣ ಅವಧಿ ಐದು ವರ್ಷ ಮಾತ್ರ. ಅದು ಮುಗಿಯುವ ಮುನ್ನ ಮರುಪ್ರವೇಶದ ವೀಸಾ ಮಾಡಿಸಿಕೊಳ್ಳುವುದನ್ನು ಮರೆತು ಪರದಾಡಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ನಾನು ಇದಕ್ಕೆ ವಿರುದ್ಧವಾಗಿಯೇ ನಡೆದುಕೊಂಡವನು ಎಂಬುದನ್ನೂ ಗಮನದಲ್ಲಿಡಿ. ಅಪ್ಪ ಆಗ ಗಟ್ಟಿಮುಟ್ಟಾಗಿದ್ದರು.

ಇನ್ನು, ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದಿರಿ. ಅವರ ಡಾಕ್ಟರರಿಂದ ದಿನಾಂಕ, ಸೀಲು ಇರುವ ಪತ್ರವನ್ನು ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಮಾಡಿಸಿ ಇಟ್ಟುಕೊಳ್ಳಿ. ಅವರಿಗೆ ಓಡಾಡಲು ಕಷ್ಟವಾದರೆ ತಿಳಿಸಿ, ತಮ್ಮ ಅಲ್ಲೇ ಇದ್ದಾನೆ. ಸೀಲಿಗಾಗಿ ಎಲ್ಲಿ ನಿಲ್ಲಬೇಕೆಂಬುದು ಅವನಿಗೆ ಗೊತ್ತು.