ಬ್ಯಾಂಕಾಕ್‌ಗೆ ನಾಲ್ಕು ದಿನ: ಬುಧವಾರ ಅಲ್ಲಿರೋ ಹಾಗೆ ಟಿಕೆಟ್ ಮಾಡಿ

ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಗಿಡಗಳಿಗೆ ನೀರು ಹಾಕಿ ಈಗ ಕೂತೆ, ಸ್ವಲ್ಪ ಉದ್ದ ಆಗುತ್ತೆ. ನವೆಂಬರಿನಲ್ಲಿ ಅಮ್ಮನ ಜೊತೆ ಬ್ಯಾಂಕಾಕ್, ಶುಕ್ರವಾರ ಹೊರಟು ಮಂಗಳವಾರ ವಾಪಸ್, ನಡುವೆ ಒಂದು ದಿನ ಪಟ್ಟಾಯ, ಶುದ್ಧ ಸಸ್ಯಾಹಾರ, ಅಮ್ಮನಿಗೆ ಮಂಡಿನೋವು, ಬರುವಾಗ ನಾಲ್ಕು ಗಿಡ. ಇಷ್ಟು ತಾನೆ? ತಿಂಗಳು ಚೆನ್ನಾಗಿದೆ, ಮಳೆ ಮುಗಿದಿರುತ್ತೆ, ಸೆಕೆ ತಡೆಯೋ ಹಾಗಿರುತ್ತೆ. ಉಳಿದದ್ದಕ್ಕೆ ಮೂರು ಕಡೆ ಕತ್ತರಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲನೇದು ದಿನ. ಬ್ಯಾಂಕಾಕಿನ ಚತುಚಕ್ ಮಾರ್ಕೆಟ್ ಅಂದ್ರೆ ಎಲ್ಲರೂ ಶನಿವಾರ, ಭಾನುವಾರ ಅಂತಾರೆ. ಅದು ಬಟ್ಟೆ, ಬ್ಯಾಗಿನ ಜನಕ್ಕೆ. ನಮ್ಮಂಥ ಕುಂಡದ ಹುಚ್ಚಿನವರ ದಿನ ಬುಧವಾರ ಮತ್ತು ಗುರುವಾರ. ಆ ಎರಡು ದಿನ ಅಲ್ಲಿನ ರಸ್ತೆ ಉದ್ದಕ್ಕೂ ಗಿಡ ಬಿಟ್ಟು ಬೇರೇನೂ ಕಾಣಲ್ಲ. ಕೆಂಪು, ಗುಲಾಬಿ ಎಲೆಯ ಅಗ್ಲೋನಿಮಾಗಳ ಸಾಲು, ಬೊಡ್ಡೆ ದಪ್ಪದ ಅಡೇನಿಯಂ, ಬುಟ್ಟಿಯಲ್ಲಿ ತೂಗೋ ಡೆಂಡ್ರೋಬಿಯಂ ಆರ್ಕಿಡ್. ಯುಫೋರ್ಬಿಯಾ ಮಿಲಿ ಅನ್ನೋ ಮುಳ್ಳುಗಿಡದ ದೊಡ್ಡ ಹೂವಿನ ತಳಿಗಳಿಗೆ ಅಲ್ಲಿ ‘ಪೊಯ್ ಸಿಯಾನ್’ ಅಂತ ಹೆಸರು, ಅಂದ್ರೆ ಚೀನೀಯರ ಎಂಟು ಅಮರರು. ಒಂದು ಗೊಂಚಲಲ್ಲಿ ಎಂಟು ಹೂ ಬಿಟ್ರೆ ಅದೃಷ್ಟ ಅನ್ನೋ ನಂಬಿಕೆ. ನಾನಂತೂ ನಿಂತು ಎಣಿಸಿದೆ. ಹಾಗಾಗಿ ಮಂಗಳವಾರ ರಾತ್ರಿ ಹೊರಟು ಶನಿವಾರ ವಾಪಸ್ ಬನ್ನಿ. ಬೆಂಗಳೂರಿಂದ ನೇರ ವಿಮಾನ ಸುಮಾರು ನಾಲ್ಕು ಗಂಟೆ, ಗಡಿಯಾರ ಒಂದೂವರೆ ಗಂಟೆ ಮುಂದಿಟ್ಕೊಳ್ಳಿ.

ಮೊ ಚಿತ್ ಸ್ಕೈಟ್ರೈನ್ ನಿಲ್ದಾಣ ಅಥವಾ ಕಂಫೆಂಗ್ ಫೆಟ್ ಮೆಟ್ರೋದಲ್ಲಿ ಇಳಿದ್ರೆ ನಡೆಯೋ ದೂರ. ಅಂದಹಾಗೆ ಚತುಚಕ್ ಅಂದ್ರೆ ನಾಲ್ಕು ಚಕ್ರ. ಪಕ್ಕದ ಪಾರ್ಕಿಗೆ ಥಾಯ್ಲೆಂಡಿನ ಆಗಿನ ರಾಜ ಭೂಮಿಬೋಲರ 48ನೇ ಹುಟ್ಟುಹಬ್ಬಕ್ಕೆ ಇಟ್ಟ ಹೆಸರು ಅದು, 12 ವರ್ಷಕ್ಕೊಂದು ಚಕ್ರದ ಲೆಕ್ಕದಲ್ಲಿ. ರಸ್ತೆ ದಾಟಿದ್ರೆ ‘ಓರ್ ತೋರ್ ಕೋರ್’ ಮಾರುಕಟ್ಟೆ, ರೈತರಿಗಾಗಿ ಇರೋ ಸರ್ಕಾರಿ ಸಂಸ್ಥೆಯದು. ನಮ್ಮ ಹಾಪ್‌ಕಾಮ್ಸ್ ಥರ ಅಂದ್ಕೊಳ್ಳಿ, ಬೆಲೆ ಮಾತ್ರ ಮಾಲ್‌ನದು. ಹಣ್ಣು ಜೋಡಿಸೋ ಅಚ್ಚುಕಟ್ಟು ನೋಡೋಕಾದ್ರೂ ಹೋಗಿ.

ಎರಡನೇ ಕತ್ತರಿ ಪಟ್ಟಾಯಕ್ಕೆ. ಹೋಗಿ ಬರೋದ್ರಲ್ಲೇ ನಾಲ್ಕೈದು ಗಂಟೆ ಕಳೆಯುತ್ತೆ, ಮಂಡಿನೋವಿನವರಿಗೆ ಅಷ್ಟು ಹೊತ್ತು ಕಾರಲ್ಲಿ ಕೂರೋದು ಹಿಂಸೆ. ಸಮುದ್ರ ನಮ್ಮ ಗೋಕರ್ಣದಲ್ಲೂ ಇದೆ. ಆ ದಿನವನ್ನ ಪಾಕ್ ಖ್ಲೋಂಗ್ ತಲಾತ್ ಹೂವಿನ ಪೇಟೆಗೆ ಕೊಡಿ.

ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಸನಾಮ್ ಚಾಯ್ ಮೆಟ್ರೋದಲ್ಲಿ ಇಳಿದು ಐದು ನಿಮಿಷ ನಡೆದ್ರೆ ಸಿಗುತ್ತೆ. ದಿನದ 24 ಗಂಟೆಯೂ ತೆರೆದಿರುತ್ತೆ, ನಿಜವಾದ ಭರಾಟೆ ರಾತ್ರಿಯಿಂದ ಬೆಳಗಿನ ಜಾವದವರೆಗೆ. ಚೆಂಡುಹೂ ಮೂಟೆ ಮೂಟೆ, ತಾವರೆ ಮೊಗ್ಗಿನ ಕಟ್ಟು, ಐಸ್ ಹಾಕಿಟ್ಟ ಮಲ್ಲಿಗೆ. ಮಲ್ಲಿಗೆಗೆ ಅವರು ‘ಮಲಿ’ ಅಂತಾರೆ, ಹಾರಕ್ಕೆ ‘ಮಾಲೈ’. ಅಮ್ಮ ಭಾಷೆ ಬರದೇನೇ ಅರ್ಧ ವ್ಯಾಪಾರ ಮುಗಿಸಿಬಿಡ್ತಾರೆ ನೋಡಿ. ಅವರು ನಮ್ಮ ಥರ ಕಟ್ಟಲ್ಲ, ಉದ್ದ ಸೂಜಿಯಲ್ಲಿ ಮೊಗ್ಗುಗಳನ್ನ ಸುತ್ತಲೂ ಒತ್ತೊತ್ತಾಗಿ ಪೋಣಿಸ್ತಾರೆ. ಅದರ ನಡುವೆ ಮೇಣದ ಮಣಿ ಥರ ಬಿಳಿ ಹೂವು ಕಾಣುತ್ತಲ್ಲ, ಅದು ನಮ್ಮ ಎಕ್ಕ! ಥಾಯ್ ಭಾಷೆಯಲ್ಲಿ ಎಕ್ಕದ ಹೂವಿನ ಹೆಸರು ‘ರಕ್’, ಆ ಶಬ್ದಕ್ಕೆ ಪ್ರೀತಿ ಅಂತಲೂ ಅರ್ಥ, ಹಾಗಾಗಿ ಮದುವೆ ಹಾರಕ್ಕೆ ಅದು ಬೇಕು. ನಮ್ಮಲ್ಲಿ ಆಂಜನೇಯನಿಗೆ ಹಾಕಿ ಸುಮ್ಮನಾಗ್ತೀವಿ. ಆವತ್ತು ಕಾರ್ತಿಕ ಹುಣ್ಣಿಮೆ ಆಸುಪಾಸು ಆಗಿದ್ರೆ ಲೊಯ್ ಕ್ರಥೋಂಗ್ ಹಬ್ಬವೂ ಸಿಗಬಹುದು. ಬಾಳೆದಿಂಡಿನ ಬಿಲ್ಲೆಗೆ ಎಲೆ ಮಡಚಿ ಚುಚ್ಚಿ, ಹೂ, ದೀಪ ಇಟ್ಟು ನೀರಲ್ಲಿ ಬಿಡ್ತಾರೆ.

ಹೂಪೇಟೆಯಿಂದ ರಾಜರ ಅರಮನೆ (ಗ್ರ್ಯಾಂಡ್ ಪ್ಯಾಲೇಸ್), ವಾಟ್ ಫೋ ದೇಗುಲ ಹತ್ತಿರವೇ. ಅರಮನೆ ಬೆಳಿಗ್ಗೆ 8:30ಕ್ಕೆ ತೆರೆಯುತ್ತೆ, ಟಿಕೆಟ್ 500 ಬಾತ್ (ಒಂದು ಬಾತ್‌ಗೆ ಎರಡೂವರೆ, ಮೂರು ರೂಪಾಯಿ ಅಂತ ಲೆಕ್ಕ ಹಾಕಿ). ಭುಜ, ಮಂಡಿ ಮುಚ್ಚೋ ಬಟ್ಟೆ ಇರಲಿ. ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತುಗೋಡೆಯಲ್ಲಿ ರಾಮಕಿಯೆನ್, ಅಂದ್ರೆ ಅವರ ರಾಮಾಯಣ, 178 ಚಿತ್ರಗಳಲ್ಲಿದೆ. ಶುರುವಾಗೋದೇ ಜನಕ ನೆಲ ಉತ್ತು ಸೀತೆಯನ್ನ ಪಡೆಯೋ ಚಿತ್ರದಿಂದ. ವಾಟ್ ಫೋದಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ. ನದಿಯ ಎದುರು ದಡದ ವಾಟ್ ಅರುಣ್ ದೇಗುಲದ ಮೆಟ್ಟಿಲು ತುಂಬಾ ಕಡಿದು, ಅಮ್ಮನಿಗೆ ದೂರದಿಂದಲೇ ಸಾಕು.

ಒಂದು ಎಚ್ಚರಿಕೆ, ನಾನೇ ಮೋಸ ಹೋದದ್ದು. ಅರಮನೆ ಹತ್ತಿರ ಇಸ್ತ್ರಿ ಅಂಗಿ ಹಾಕಿದ ಒಬ್ಬರು ‘ಮಧ್ಯಾಹ್ನದವರೆಗೆ ಮುಚ್ಚಿದೆ, ಅಷ್ಟರಲ್ಲಿ 20 ಬಾತ್‌ಗೆ ಊರು ತೋರಿಸ್ತಾರೆ’ ಅಂತ ಟುಕ್‌ಟುಕ್ ಹತ್ತಿಸಿದ್ರು. ಊರು ತೋರಿಸಲಿಲ್ಲ, ಹರಳಿನ ಅಂಗಡಿ ತೋರಿಸಿದ್ರು. ಬಾಗಿಲು ತೆರೆದೇ ಇತ್ತು ಅಂತ ಆಮೇಲೆ ಗೊತ್ತಾಯ್ತು. ಯಾರು ಏನೇ ಹೇಳಲಿ, ಗೇಟಿನವರೆಗೆ ನೀವೇ ನಡೆದು ನೋಡಿ.

ಊಟದ ಚಿಂತೆ ಅರ್ಧ ಬಿಡಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ರೆ ಅದು ‘ಜೇ’ ಅಡುಗೆ: ಮಾಂಸ, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ‘ಕಿನ್ ಜೇ’ ಅಂದ್ರೆ ಅರ್ಥ ಆಗುತ್ತೆ. ಬರೀ ‘ವೆಜಿಟೇರಿಯನ್’ ಅಂದ್ರೆ ಮೀನಿನ ಸಾಸ್ ಬೀಳುತ್ತೆ, ಅವರಿಗದು ಉಪ್ಪಿನ ಲೆಕ್ಕ. ಹೂಪೇಟೆ ಪಕ್ಕದ ಫಾಹುರತ್‌ನಲ್ಲಿ ನಮ್ಮ ದೇಶದ ಊಟ ಸಿಗುತ್ತೆ, ಗುರುದ್ವಾರವೂ ಇದೆ.

ಶುಕ್ರವಾರ ಖಾಲಿ ಇಡಿ. ನದಿ ತಿರುವಿನ ಹಸಿರು ಪ್ರದೇಶ ಬಾಂಗ್ ಕ್ರಚಾವ್‌ನಲ್ಲಿ ಸೈಕಲ್ ಹೊಡೆಯಿರಿ ಅಂತ ಬೇರೆಯವರಿಗೆ ಹೇಳ್ತಿದ್ದೆ. ಅಮ್ಮನ ಮಂಡಿಗೆ ಅದು ಬೇಡ, ನೀವು ಬೆಂಜಕಿತ್ತಿ ಪಾರ್ಕಿಗೆ ಹೋಗಿ. ಹಳೇ ತಂಬಾಕು ಕಾರ್ಖಾನೆ ಜಾಗದಲ್ಲಿ ಮಾಡಿದ ಕೆರೆ, ಜೌಗು, ಕಾಡು; ಜೌಗು, ಕಾಡಿನ ಭಾಗ 2022ರಲ್ಲಿ ತೆರೆದದ್ದು. ಕಾಲುವೆಯ ಕೊಳೆ ನೀರನ್ನ ಜೊಂಡಿನ ಮೂಲಕ ಹಾಯಿಸಿ ಶುದ್ಧ ಮಾಡ್ತಾರೆ. ನಮ್ಮ ಕೆರೆಗಳ ಬಗ್ಗೆ ತಲೆ ಕೆಡಿಸ್ಕೊಂಡವರು ನೋಡಲೇಬೇಕು.

ಕಾಗದಪತ್ರ: ಅಲ್ಲಿಗೆ ತಲುಪೋ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಿ. 2025ರ ಮೇ 1ರಿಂದ ಕಡ್ಡಾಯ, ಪೂರ್ತಿ ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ಮಾಡೋ ದಿನವೇ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ.

ಕೊನೇ ಕತ್ತರಿ, ಗಿಡಕ್ಕೆ. ಸೂಟ್‌ಕೇಸಲ್ಲಿ ಬೇಡ, ಬೇರು ತೊಳೆದೂ ಬೇಡ, ಬೀಜವೂ ಬೇಡ. ನಮ್ಮ ದೇಶದ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಆಮದು ಪರವಾನಗಿ, ಅಲ್ಲಿಂದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಗಿಡಕ್ಕೆ ರೋಗ, ಕೀಟ ಇಲ್ಲ ಅನ್ನೋ ಪತ್ರ) ಬೇಕು. ಆರ್ಕಿಡ್‌ಗೆ ಇನ್ನೂ ಬಿಗಿ. ‘ಒಂದು ತುಂಡಿನಿಂದ ಏನಾಗುತ್ತೆ’ ಅನ್ನೋರಿಗೆ ಪಪ್ಪಾಯದ ಹಿಟ್ಟು ತಿಗಣೆ (ಮೀಲಿಬಗ್) ನೆನಪಿಸಿ. ಹೊರದೇಶದಿಂದ ಬಂದ ಅದು 2008ರಲ್ಲಿ ಕೊಯಮತ್ತೂರಲ್ಲಿ ಕಂಡು, ಪಪ್ಪಾಯ, ಹಿಪ್ಪುನೇರಳೆ ತೋಟಗಳನ್ನೇ ನುಂಗಿತು. ಅದನ್ನ ತಡೆಯೋಕೆ 2010ರಲ್ಲಿ ಪೋರ್ಟೊ ರಿಕೊದಿಂದ ಆ ತಿಗಣೆಯೊಳಗೆ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಪರತಂತ್ರ ಕಣಜ ತರಿಸಬೇಕಾಯ್ತು. ನಾನೂ ಆಸೆಗೆ ಬಿದ್ದು ಮೂರು ಕೆಂಪು ಅಗ್ಲೋನಿಮಾ ಕೊಂಡಿದ್ದೆ. ರಾತ್ರಿ ನಿಯಮ ಓದಿ, ಬೆಳಿಗ್ಗೆ ಹೋಟೆಲಿನ ಕೌಂಟರ್ ಹುಡುಗಿಗೆ ಕೊಟ್ಟು ಬಂದೆ. ಕುಂಡ, ಸ್ಪ್ರೇ ನಳಿಕೆ, ಕತ್ತರಿ ಎಷ್ಟು ಬೇಕಾದ್ರೂ ತನ್ನಿ, ಚೆಕ್‌ಇನ್ ಲಗೇಜಿನಲ್ಲಿ.

ಕೆಂಪು ಅಗ್ಲೋನಿಮಾ ಬೇಕೇ ಬೇಕು ಅಂದ್ರೆ ಇಲ್ಲಿನ ನರ್ಸರಿಯಲ್ಲಿ ಕೊಂಡದ್ದು ನನ್ನ ಹತ್ತಿರ ಒಂದಿದೆ, ಈಗ ಮೂರು ಮರಿ ಒಡೆದಿದೆ. ಭಾನುವಾರ ಬೀಜ ವಿನಿಮಯಕ್ಕೆ ಬರ್ತೀರಲ್ಲ, ಒಂದು ಎತ್ತಿಡ್ತೀನಿ.