ಎದೆನೋವಿಗೆ ಮಿರಜ ದಾರಿ ಹಿಡಿಯಬೇಡಿ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯ ತಜ್ಞರಿಲ್ಲ. ಹಾರ್ಟ್ ಅಟ್ಯಾಕ್ ಆದರೆ ನೇರ ವಿಜಯಪುರಕ್ಕೋ ಮಿರಜಕ್ಕೋ ಒಯ್ಯುವುದೇ ವಾಸಿಯಲ್ಲವೇ? (ಮುದ್ದೇಬಿಹಾಳ)

ಖಂಡಿತ ಅಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಮಹಾರಾಷ್ಟ್ರದ ಮಿರಜದಲ್ಲಿ ವಾನ್ಲೆಸ್ ಆಸ್ಪತ್ರೆ ಶುರುವಾದದ್ದು 1894ರಲ್ಲಿ. ಈ ಭಾಗದವರಿಗೆ ಆಗ ಬೇರೆ ಗತಿ ಇರಲಿಲ್ಲ. ಬೆಳಗಾವಿಗೆ 1963ರಲ್ಲಿ, ವಿಜಯಪುರಕ್ಕೆ 1984ರಲ್ಲಿ ಮೆಡಿಕಲ್ ಕಾಲೇಜು ಬಂದರೂ ಆ ರೂಢಿ ಬಿಟ್ಟಿಲ್ಲ. ರಕ್ತನಾಳ ಮುಚ್ಚಿದಾಗಿನಿಂದ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ದಾರಿಯಲ್ಲಿ ಎರಡು ತಾಸು ಕಳೆದು ಯಾವ ದೊಡ್ಡ ಡಾಕ್ಟರ ಮುಂದೆ ಮಲಗಿಸಿದರೂ ಸತ್ತ ಸ್ನಾಯು ಮರಳದು.

ಮೊದಲು ಬೇಕಾದದ್ದು ಇಸಿಜಿ, ಅದೂ ಆಸ್ಪತ್ರೆ ಹೊಕ್ಕ 10 ನಿಮಿಷದೊಳಗೆ. ಹೃದಯಾಘಾತದ ತುರ್ತು ಚಿಕಿತ್ಸೆಗಾಗಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಾದರೆ ಆ ಇಸಿಜಿ ಅಲ್ಲಿಂದಲೇ ತಜ್ಞರಿಗೆ ಹೋಗುತ್ತದೆ. ಎಸ್‌ಟಿ ಗೆರೆ ಏರಿದೆ (ಹೃದಯದ ರಕ್ತನಾಳ ಪೂರ್ತಿ ಮುಚ್ಚಿರುವ ಗುರುತು), 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ರಕ್ತನಾಳ ತೆರೆಯುವುದು) ಆಗುವಂತಿಲ್ಲ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಬೀಳಬೇಕು. 60 ಕೆ.ಜಿ. ಒಳಗಿನವರಿಗೆ 30 ಮಿ.ಗ್ರಾಂ, 90 ಮುಟ್ಟಿದವರಿಗೆ 50, ನಡುವಿನವರಿಗೆ ತೂಕ ನೋಡಿ. 75 ವರ್ಷ ಮೀರಿದವರಿಗೆ ಅರ್ಧ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಕೊಡುವಂತಿಲ್ಲ, ಅದಕ್ಕೇ ಹಳೆಯ ಚೀಟಿಗಳು ಕೈಯಲ್ಲಿರಲಿ. ಇಂಜೆಕ್ಷನ್ ಆಯಿತೆಂದು ಮನೆಗೆ ಹೊರಡುವುದಲ್ಲ. 108ರಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. 60ರಿಂದ 90 ನಿಮಿಷಕ್ಕೆ ತೆಗೆದ ಇಸಿಜಿಯಲ್ಲಿ ಏರಿದ ಗೆರೆ ಅರ್ಧದಷ್ಟೂ ಇಳಿಯದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ, ಇಳಿದಿದ್ದರೂ 24 ತಾಸಿನೊಳಗೆ ಆಂಜಿಯೋಗ್ರಾಂ (ರಕ್ತನಾಳದ ಎಕ್ಸ್‌ರೇ ಚಿತ್ರ).

ನನಗೆ ಸಿಟ್ಟು ಬರುವುದು ಗ್ಯಾಸ್ ಎಂದು ಹೇಳಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಚುಚ್ಚುವ ನಕಲಿ ವೈದ್ಯರ ಮೇಲೆ. ಆಮೇಲೆ ಟೆನೆಕ್ಟೆಪ್ಲೇಸ್ ಕೊಟ್ಟರೆ ಚುಚ್ಚಿದ ಜಾಗದಲ್ಲಿ ಸ್ನಾಯುವಿನೊಳಗೇ ರಕ್ತ ಜಿನುಗಿ ಊದುತ್ತದೆ. ಶುಗರ್ ಇದ್ದವರಿಗೆ ನೋವೇ ಇಲ್ಲದೆ ಬರೀ ಬೆವರು, ದಮ್ಮು ಬರಬಹುದು. ಮೊದಲ ಇಸಿಜಿ ಸರಿಯಿದ್ದು ತ್ರಾಸು ಮುಂದುವರಿದರೆ ಅರ್ಧ ತಾಸಿನೊಳಗೆ ಇನ್ನೊಂದು ತೆಗೆಸಿ.

ಬೆಳ್ಳುಳ್ಳಿ, ಶುಂಠಿ, ನಿಂಬೆ ಕಷಾಯದಿಂದ ಬ್ಲಾಕೇಜ್ ಕರಗುತ್ತದೆಯೇ? (ಜಮಖಂಡಿ)

ಇಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟರೆ ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟೂ (ಜಾಲರಿ ಕೊಳವೆ) ಮುಚ್ಚಬಹುದು.

ಜೋರಾಗಿ ಕೆಮ್ಮಿದರೆ ಜೀವ ಉಳಿಯುತ್ತದಂತೆ? (ಗೋಕಾಕ)

ಸುಳ್ಳು. 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಯಾವ ಮಾತ್ರೆ ಇಟ್ಟಿರಬೇಕು? (ಬೈಲಹೊಂಗಲ)

ಆಸ್ಪಿರಿನ್, 75 ಮಿ.ಗ್ರಾಂನ ನಾಲ್ಕು. ನೀರಿನಲ್ಲಿ ನುಂಗಬೇಡಿ, ಅಗಿಯಿರಿ. ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ, ಬೆನ್ನು ಸೀಳಿದಂಥ ನೋವು ಇದ್ದರೆ ಅದೂ ಬೇಡ. ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ಬಿಪಿ ನೋಡದೆ ನಾಲಗೆ ಕೆಳಗಿಡಬೇಡಿ, ಬಿಪಿ ಕುಸಿದವರು ಅಲ್ಲೇ ಬಿದ್ದುಬಿಡುತ್ತಾರೆ.